ಓವರ್‌ಡ್ರಾಫ್ಟ್ ಹೋಮ್ ಲೋನ್: ನವನಗರದ ಮನೆಗೆ ಆರು ವರ್ಷ ಬಳಸಿದ ಮೇಲೆ

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ನಾಲ್ಕೂ ಈ ಓವರ್‌ಡ್ರಾಫ್ಟ್ ಸಾಲದ ಖಾತೆಗೆ. ಕಡಿಮೆ ಮಾಡಿದ ಒಂದು, ಖಾತೆ ಕೊಟ್ಟ ಬ್ರಾಂಚಿನ ಲೆಕ್ಕಕ್ಕೆ. ಬ್ಯಾಂಕಿನ ಹೆಸರು ಹಾಕುವುದಿಲ್ಲ. ಇಂಥ ಸಾಲ ಕೊಡುವ ಬ್ಯಾಂಕುಗಳು ಹಲವು ಇವೆ, ನಾನು ಬರೆಯುವುದು ಹೆಚ್ಚುಕಡಿಮೆ ಎಲ್ಲಕ್ಕೂ ಹೊಂದುತ್ತದೆ.

ಮೊದಲು ನಮ್ಮ ಪರಿಸ್ಥಿತಿ ಹೇಳಬೇಕು, ಇಲ್ಲದಿದ್ದರೆ ಈ ಸಾಲ ನಮಗೆ ಯಾಕೆ ಹೊಂದಿತು ಅನ್ನೋದು ಗೊತ್ತಾಗುವುದಿಲ್ಲ. ನಾನು ವಿದ್ಯಾಗಿರಿ ಕಡೆ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿದ್ದೇನೆ. ತಿಂಗಳ ಸಂಬಳ, ಪಿಎಫ್ ಇದೆ. ನಮ್ಮ ಮನೆಯವರದು ಹಳೇ ಬಾಗಲಕೋಟೆಯಲ್ಲಿ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಅಂಗಡಿ. ಅವರಿಗೆ ಪಿಎಫ್ ಇಲ್ಲ, ಪಿಂಚಣಿ ಇಲ್ಲ, ದುಡಿದರೆ ಉಂಟು. ಮದುವೆ ಸೀಜನ್‌ನಲ್ಲಿ ಮತ್ತು ದೀಪಾವಳಿಗೆ ಕೈತುಂಬ ದುಡ್ಡು ಓಡಾಡುತ್ತದೆ, ಆಷಾಢ ಬಂತೆಂದರೆ ಇಡೀ ದಿನ ನಾಲ್ಕು ಜನ ಒಳಗೆ ಬರುವುದಿಲ್ಲ.

ಇನ್ನು ಮಾವ. ಅವರ ಹಳೇ ಮನೆ ಆಲಮಟ್ಟಿ ಹಿನ್ನೀರಿಗೆ ಹೋದದ್ದು, ಮುಳುಗಡೆಯಾದವರಿಗೆ ಕಟ್ಟಿದ ಬಾಗಲಕೋಟೆ ನವನಗರದಲ್ಲಿ ಸೈಟ್ ಬಂದದ್ದು ಆಗಲೇ. ಅದರ ಮೇಲೆ 2020ರ ಫೆಬ್ರವರಿಯಲ್ಲಿ 24 ಲಕ್ಷ ಸಾಲ ತೆಗೆದು ಮನೆ ಕಟ್ಟಿದೆವು. ಹಕ್ಕುಪತ್ರ ಬ್ಯಾಂಕಿಗೆ ಕೊಟ್ಟು ಬಂದ ದಿನ ರಾತ್ರಿ ಅವರು ಊಟಕ್ಕೆ ಕೂತಾಗ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. "ಒಮ್ಮೆ ನೀರಿಗೆ ಕೊಟ್ಟೀವಿ ಯವ್ವಾ, ಇದನ್ನ ಬ್ಯಾಂಕಿಗೆ ಕೊಡೂದು ಬ್ಯಾಡ. ಮೊದಲ ಸಾಲ ತೀರಸ್ರಿ."

ಅವರ ಮಾತಿನಲ್ಲಿ ತಪ್ಪಿಲ್ಲ. ಆದರೆ ನನಗೆ ಇನ್ನೊಂದು ಭಯ ಇತ್ತು. ನಮ್ಮ ಸಂಬಂಧಿಕರಲ್ಲೇ ಒಬ್ಬರು ಇದ್ದಬಿದ್ದ ದುಡ್ಡೆಲ್ಲ ಸಾಲಕ್ಕೆ ಕಟ್ಟಿ, ಪಿಪಿಎಫ್ (ಸರ್ಕಾರದ 15 ವರ್ಷದ ಉಳಿತಾಯ ಖಾತೆ) ಕೂಡ ನಿಲ್ಲಿಸಿ, ಐವತ್ತಾರಕ್ಕೆ ಮನೆ ಬಿಡಿಸಿಕೊಂಡರು. ಈಗ ಮನೆ ಅವರದೇ, ಆದರೆ ಬಿಪಿ ಶುಗರ್ ಮಾತ್ರೆಗೆ ಮಗನ ಮುಖ ನೋಡಬೇಕು. ಗೋಡೆ ಒಡೆದು ಇಟ್ಟಿಗೆ ಮಾರಿ ಮಾತ್ರೆ ತರೋಕೆ ಆಗುತ್ತಾ? ಸಾಲವೂ ಬೇಗ ಮುಗಿಯಬೇಕು, ವಯಸ್ಸಾದ ಮೇಲೆ ಕೈಯಲ್ಲಿ ಕಾಸೂ ಇರಬೇಕು. ಇವೆರಡನ್ನೂ ಒಟ್ಟಿಗೆ ಮಾಡಲು ಏನಿದೆ ಅಂತ ಹುಡುಕುತ್ತಿದ್ದಾಗ ಸಿಕ್ಕಿದ್ದು ಈ ಓಡಿ, ಅಂದರೆ ಓವರ್‌ಡ್ರಾಫ್ಟ್ ಸಾಲ.

ಇದು ಹೇಗೆ ನಡೆಯುತ್ತದೆ ಅಂದರೆ, ಸಾಲವೇ ಒಂದು ಖಾತೆ. ಚೆಕ್ ಬುಕ್ ಇರುತ್ತದೆ, ನೆಟ್ ಬ್ಯಾಂಕಿಂಗ್ ಇರುತ್ತದೆ. ತಿಂಗಳ ಇಎಂಐ ಮಾಮೂಲಿನಂತೆ ಕಟ್ಟಬೇಕು. ಕೈಯಲ್ಲಿ ಹೆಚ್ಚಿಗೆ ದುಡ್ಡು ಇದ್ದರೆ ಅದೇ ಖಾತೆಗೆ ಹಾಕಿ ಇಡಬಹುದು, ಬೇಕಾದಾಗ ವಾಪಸ್ ತೆಗೆಯಬಹುದು. ಬಡ್ಡಿ ದಿನದಿನದ ಬಾಕಿ ಮೇಲೆ ಬೀಳುತ್ತದೆ. ಆದ್ದರಿಂದ ದುಡ್ಡು ಖಾತೆಯಲ್ಲಿ ಇದ್ದಷ್ಟು ದಿನ ಅಷ್ಟು ಸಾಲಕ್ಕೆ ಬಡ್ಡಿ ಇಲ್ಲ. ಸ್ಟೇಟ್‌ಮೆಂಟಿನಲ್ಲಿ ಡ್ರಾಯಿಂಗ್ ಪವರ್ ಅಂತ ಒಂದು ಅಂಕಿ ಇರುತ್ತದೆ, ಅಂದರೆ ಆ ಹೊತ್ತಿಗೆ ಸಾಲದ ಬಾಕಿ ಎಷ್ಟರ ತನಕ ಇರಬಹುದು ಅನ್ನುವ ಮಿತಿ, ಬ್ರಾಂಚಿನವರು ಡಿಪಿ ಅನ್ನುತ್ತಾರೆ. ಅದು ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಡಿಪಿಯಲ್ಲಿ ನಿಜವಾದ ಬಾಕಿ ಕಳೆದರೆ ಉಳಿಯುವುದು ನೀವು ಇಟ್ಟ ದುಡ್ಡು. ಇದಕ್ಕೆ ನಮ್ಮ ಬ್ಯಾಂಕು ಮಾಮೂಲಿ ಹೋಮ್ ಲೋನ್‌ಗಿಂತ ಕಾಲು ಪರ್ಸೆಂಟ್ ಜಾಸ್ತಿ ಬಡ್ಡಿ ಹಾಕಿತು.

ಕಾಲು ಪರ್ಸೆಂಟ್ ವಸೂಲಾಗುತ್ತಾ ಅಂದರೆ, ಅಂಗಡಿಯವರಿಗೆ ಖಂಡಿತ ಆಗುತ್ತದೆ. ಸೀಜನ್‌ನಲ್ಲಿ ಬಂದ 3 ಲಕ್ಷ, ನೇಕಾರರಿಗೆ ಕೊಡುವ ತನಕ 40 ದಿನ ಮೊದಲಾದರೆ ಕರೆಂಟ್ ಅಕೌಂಟಿನಲ್ಲಿ ಸುಮ್ನೆ ಬಿದ್ದಿರುತ್ತಿತ್ತು. ಈಗ ಅದು ಈ ಖಾತೆಯಲ್ಲಿ ಕೂತರೆ, 8.4 ಪರ್ಸೆಂಟ್ ಲೆಕ್ಕದಲ್ಲಿ ಸುಮಾರು 2,760 ರೂಪಾಯಿ ಬಡ್ಡಿ ಉಳಿಯುತ್ತದೆ. ವರ್ಷದಲ್ಲಿ ಹೀಗೆ ಮೂರ್ನಾಲ್ಕು ಸಲ ಆಗುತ್ತದೆ.

ಇದರ ನಿಜವಾದ ಬೆಲೆ ಗೊತ್ತಾಗಿದ್ದು ಸಾಲ ತೆಗೆದ ಎರಡೇ ತಿಂಗಳಿಗೆ. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು. ಅಂಗಡಿ ಬಾಗಿಲು ಹಾಕಿತ್ತು, ಗುಳೇದಗುಡ್ಡದ ನೇಕಾರರ ಮನೆಗಳಿಗೆ ಕೊಡಬೇಕಾದ ಬಾಕಿ ಹಾಗೇ ಇತ್ತು. ಫೆಬ್ರವರಿಯಲ್ಲಿ ನಾವು ಖಾತೆಗೆ ಹಾಕಿದ್ದ ಮದುವೆ ಸೀಜನ್ ದುಡ್ಡಿನಿಂದಲೇ ಒಬ್ಬೊಬ್ಬರಿಗೆ ಫೋನ್ ಮಾಡಿ ಅಕೌಂಟ್ ನಂಬರ್ ಕೇಳಿ ಕಳಿಸಿದೆವು. ಅದನ್ನು ಮಾಮೂಲಿ ಸಾಲಕ್ಕೆ ಮುಂಗಡವಾಗಿ ಕಟ್ಟಿಬಿಟ್ಟಿದ್ದರೆ ಒಂದು ರೂಪಾಯಿ ವಾಪಸ್ ಬರುತ್ತಿರಲಿಲ್ಲ.

ಈಗ ಬ್ರಾಂಚಿನ ವಿಷಯ. ನಮ್ಮದು ರೆಪೋ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕ್ ಉಳಿದ ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕೆ, ಕಟ್ಟಿದ ಸಾಲ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಹೋಮ್ ಲೋನ್‌ಗಳೆಲ್ಲ ಹೊರಗಿನ ಒಂದು ದರಕ್ಕೆ ಜೋಡಿಸಿಯೇ ಬರುತ್ತವೆ. 2020ರ ಮೇನಲ್ಲಿ ರೆಪೋ 4ಕ್ಕೆ ಇಳಿದಾಗ ಖುಷಿಯಾಗಿತ್ತು. 2022ರ ಮೇನಿಂದ ಏರುತ್ತಾ ಹೋಗಿ 2023ರ ಫೆಬ್ರವರಿಗೆ 6.5 ಆಯಿತು. ನಮ್ಮ ದರ 9.65ಕ್ಕೆ ಹೋಯಿತು, ಆದರೆ ಇಎಂಐ ಮಾತ್ರ ಅದೇ 20,500ರ ಹತ್ತಿರ. ಯಾಕೆ ಅಂತ ನಾನು ಸ್ಟೇಟ್‌ಮೆಂಟ್ ಹಿಡಿದು ಕೂತೆ. ಮೊದಲಿಗಿಂತ ಡಿಪಿ ತುಂಬಾ ನಿಧಾನಕ್ಕೆ ಇಳಿಯುತ್ತಿತ್ತು. ಕೇಳಿದಾಗ ತಿಳಿದದ್ದು, 2040ಕ್ಕೆ ಮುಗಿಯಬೇಕಾದ ಸಾಲ 2042ಕ್ಕೆ ಹೋಗಿದೆ. ನಮಗೆ ಒಂದು ಎಸ್‌ಎಂಎಸ್ ಬಂದಿರಲಿಲ್ಲ, ಒಂದು ಪತ್ರ ಬಂದಿರಲಿಲ್ಲ. ಕೌಂಟರಿನವರು ಹೇಳಿದ್ದು ಇಷ್ಟೇ: "ಇಎಂಐ ಅಷ್ಟೇ ಐತಲ್ಲ ಮೇಡಮ್, ಯಾಕ ಚಿಂತಿ ಮಾಡ್ತೀರಿ?" ನಮ್ಮ ಮನೆಯವರಿಗೆ 2040ಕ್ಕೆ 64 ವರ್ಷ. ಎರಡು ವರ್ಷ ಜಾಸ್ತಿ ಅಂದರೆ 66ರ ತನಕ ಅಂಗಡಿಯಲ್ಲಿ ಕೂಡಬೇಕು. ಚಿಂತೆ ಮಾಡದೆ ಇರೋಕೆ ಆಗುತ್ತಾ?

2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ತಂದಿತು. ಬಡ್ಡಿ ಬದಲಾದಾಗ ಇಎಂಐ ಏರಿಸುವುದೋ, ಅವಧಿ ಚಾಚುವುದೋ, ಎರಡೂ ಸ್ವಲ್ಪ ಸ್ವಲ್ಪವೋ ಅಂತ ಸಾಲಗಾರರಿಗೇ ಆಯ್ಕೆ ಕೊಡಬೇಕು ಅಂತ ಅದರಲ್ಲಿದೆ. ಅದರ ಪ್ರಿಂಟ್ ತೆಗೆದುಕೊಂಡು ಹೋಗಿ, ಅರ್ಜಿ ಬರೆದು ಸೀಲ್ ಹಾಕಿಸಿಕೊಂಡು, ಇಎಂಐ 22,500ಕ್ಕೆ ಏರಿಸಿಕೊಂಡೆವು. ತಿಂಗಳಿಗೆ ಎರಡು ಸಾವಿರ ಜಾಸ್ತಿ ಅಷ್ಟೇ, ಮುಗಿಯುವ ವರ್ಷ 2042ರಿಂದ 2038ಕ್ಕೆ ಬಂತು. ನಿಮ್ಮ ಸಾಲ ಯಾವುದೇ ಇರಲಿ, ದಯವಿಟ್ಟು ಇವತ್ತೇ ಎಷ್ಟು ಕಂತು ಬಾಕಿ ಇದೆ ಅಂತ ನೋಡಿ.

ಮಾಮೂಲಿ ಸಾಲ ಇರುವವರಿಗೆ ಇನ್ನೊಂದು ಮಾತು. ಮುಂಗಡ ಕಟ್ಟುವಾಗ "ಇಎಂಐ ಹಾಗೇ ಇರಲಿ, ಅವಧಿ ಇಳಿಸಿ" ಅಂತ ಬರೆದು ಕೊಡಿ. 20 ಲಕ್ಷ ಬಾಕಿ, 8.5 ಪರ್ಸೆಂಟ್, 15 ವರ್ಷ ಉಳಿದಿದೆ ಅಂದುಕೊಳ್ಳಿ. 2 ಲಕ್ಷ ಕಟ್ಟಿ ಅವಧಿ ಇಳಿಸಿದರೆ ಸುಮಾರು 32 ಕಂತು ಹೋಗಿ 4.3 ಲಕ್ಷಕ್ಕೂ ಜಾಸ್ತಿ ಬಡ್ಡಿ ಉಳಿಯುತ್ತದೆ. ಅದೇ 2 ಲಕ್ಷಕ್ಕೆ ಇಎಂಐ ಇಳಿಸಿದರೆ ಉಳಿಯುವುದು ಒಂದೂವರೆ ಲಕ್ಷ ಚಿಲ್ಲರೆ. ಫ್ಲೋಟಿಂಗ್ ದರದ ಸಾಲಕ್ಕೆ, ಸ್ವಂತ ಹೆಸರಿನಲ್ಲಿ ತೆಗೆದ ಮನೆಸಾಲಕ್ಕೆ ಬ್ಯಾಂಕು ಮುಂಗಡ ಪಾವತಿ ದಂಡ ಹಾಕುವ ಹಾಗಿಲ್ಲ, 2012ರಿಂದಲೇ.

ಹಾಗಾದರೆ ವಯಸ್ಸಾದ ಕಾಲದ ಉಳಿತಾಯ ಎಲ್ಲಿ? ಈ ಖಾತೆಯ ದೊಡ್ಡ ಅಪಾಯ ಇರುವುದು ಇಲ್ಲೇ. ಇದರಲ್ಲಿ ಇಟ್ಟ ದುಡ್ಡು ಉಳಿತಾಯದ ಹಾಗೆ ಕಾಣುತ್ತದೆ, ಕೈ ಹಾಕಿದರೆ ಸಿಗುತ್ತದೆ, ಅದಕ್ಕೇ ಖರ್ಚೂ ಆಗಿಬಿಡುತ್ತದೆ. ಒಂದು ಸಲ ಹೊಸ ಮಾಲಿಗೆ ಅಂತ ಒಂದೂವರೆ ಲಕ್ಷ ತೆಗೆದೆವು, ಅದು ವಾಪಸ್ ಬಂದು ಸೇರಲು ಹನ್ನೊಂದು ತಿಂಗಳು ಬೇಕಾಯಿತು. ಅಂದಿನಿಂದ ಒಂದು ಕ್ರಮ ಮಾಡಿಕೊಂಡೆವು. ತಿಂಗಳ 1ರಿಂದ 5ರೊಳಗೆ ಮನೆಯವರ ಪಿಪಿಎಫ್‌ಗೆ 12,500 ಮೊದಲು ಹೋಗಬೇಕು. 5ರೊಳಗೆ ಕಟ್ಟಿದರೆ ಮಾತ್ರ ಆ ತಿಂಗಳ ಬಡ್ಡಿ ಸಿಗುತ್ತದೆ. ಆಮೇಲೆ ಅವರ ಎನ್‌ಪಿಎಸ್‌ಗೆ, ಅಂದರೆ ರಾಷ್ಟ್ರೀಯ ಪಿಂಚಣಿ ಯೋಜನೆಗೆ, 3,000. ಅದು ಸರ್ಕಾರಿ ನೌಕರರಿಗೆ ಮಾತ್ರ ಅಂತ ಅಂಗಡಿ ಜನ ಈಗಲೂ ಅಂದುಕೊಂಡಿದ್ದಾರೆ, 2009ರಿಂದ ಯಾರು ಬೇಕಾದರೂ ಸೇರಬಹುದು. ಇವೆರಡೂ ಹೋದ ಮೇಲೆ ಉಳಿದದ್ದು ಮಾತ್ರ ಸಾಲದ ಖಾತೆಗೆ.

ಪಿಪಿಎಫ್ ಬಡ್ಡಿ 2020ರ ಏಪ್ರಿಲ್‌ನಿಂದ 7.1ರಲ್ಲೇ ನಿಂತಿದೆ, ಸಾಲದ ಬಡ್ಡಿ ಅದಕ್ಕಿಂತ ಜಾಸ್ತಿ, ಹಾಗಿದ್ದ ಮೇಲೆ ಪಿಪಿಎಫ್ ಬಿಟ್ಟು ಸಾಲ ಕಟ್ಟೋದು ಲಾಭ ಅಲ್ವಾ ಅಂತ ಕೇಳುತ್ತಾರೆ. ಕಾಗದದ ಲೆಕ್ಕದಲ್ಲಿ ಹೌದು. ಆದರೆ ಪಿಪಿಎಫ್‌ಗೆ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ ಇದೆ. ಈ ವರ್ಷ ತಪ್ಪಿಸಿದ್ದನ್ನು ಮುಂದಿನ ವರ್ಷ ಸೇರಿಸಿ ಕಟ್ಟಲು ಬರುವುದಿಲ್ಲ. ಪ್ರತಿ ವರ್ಷ ಏಪ್ರಿಲ್ ಮೊದಲಲ್ಲೇ ಪೂರ್ತಿ ಕಟ್ಟಿದರೆ ಇದೇ ದರದಲ್ಲಿ 15 ವರ್ಷಕ್ಕೆ ಸುಮಾರು 40.68 ಲಕ್ಷ, ಅದೂ ತೆರಿಗೆ ಇಲ್ಲದೆ. ತಿಂಗಳು ತಿಂಗಳು ಕಟ್ಟುವ ನಮಗೆ ಸ್ವಲ್ಪ ಕಡಿಮೆ ಬರುತ್ತದೆ. ಪಿಂಚಣಿ ಇಲ್ಲದ ಮನುಷ್ಯನಿಗೆ ಆ ದುಡ್ಡು ಬೇಕೇ ಬೇಕು. ನನ್ನ ಪಿಎಫ್‌ಗಂತೂ 2024-25ಕ್ಕೆ 8.25 ಬಂದಿದೆ, ಅದನ್ನು ಮುರಿದು ಸಾಲ ತೀರಿಸುವ ಮಾತೇ ಇಲ್ಲ.

"ಟ್ಯಾಕ್ಸ್ ಉಳಿಯುತ್ತೆ, ಸಾಲ ಬೇಗ ತೀರಿಸಬೇಡಿ" ಅನ್ನುವವರಿಗೂ ಉತ್ತರ ಇದೆ. ಹಳೇ ತೆರಿಗೆ ಪದ್ಧತಿಯಲ್ಲಿ 2 ಲಕ್ಷ ಬಡ್ಡಿ ಕಟ್ಟಿದರೆ, 30 ಪರ್ಸೆಂಟ್ ಸ್ಲ್ಯಾಬಿನವರಿಗೂ ಉಳಿಯುವುದು 60 ಸಾವಿರದ ಆಸುಪಾಸು. ಹೊಸ ಪದ್ಧತಿಯಲ್ಲಿ ವಾಸದ ಮನೆಗೆ ಅದೂ ಇಲ್ಲ. ಹಳೇ ಪದ್ಧತಿಯಲ್ಲಿ ಇರುವವರು ಗಮನಿಸಿ, ಓಡಿಯಲ್ಲಿ ಸುಮ್ನೆ ಇಟ್ಟ ದುಡ್ಡು ತೆರಿಗೆ ವಿನಾಯಿತಿಗೆ (80ಸಿ ಅನ್ನುತ್ತಿದ್ದದ್ದು) ಅಸಲು ಪಾವತಿ ಅಂತ ಲೆಕ್ಕಕ್ಕೆ ಬರುವುದಿಲ್ಲ.

ಏರುಪೇರಿನ ಆದಾಯದ ಮನೆಗೆ ಈ ಖಾತೆ ತೆಗೆದುಕೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ. ಬರೀ ಸಂಬಳ, ತಿಂಗಳ ಕೊನೆಗೆ ಏನೂ ಉಳಿಯುವುದಿಲ್ಲ ಅನ್ನುವವರು ಮಾಮೂಲಿ ಸಾಲವನ್ನೇ ತೆಗೆದುಕೊಳ್ಳಿ, ಕಾಲು ಪರ್ಸೆಂಟ್ ಯಾಕೆ ಕಳೆದುಕೊಳ್ಳಬೇಕು?

2025ರಲ್ಲಿ ರೆಪೋ ನಾಲ್ಕು ಸಲ ಇಳಿದು 5.25 ಆಗಿದೆ, ನಮ್ಮ ದರ 8.4ಕ್ಕೆ ಬಂದಿದೆ. ಇಎಂಐ ಇಳಿಸಿಕೊಳ್ಳಲಿಲ್ಲ. ಈಗ ಡಿಪಿ 19.5 ಲಕ್ಷ, ಅದರಲ್ಲಿ 6 ಲಕ್ಷ ನಮ್ಮದೇ ದುಡ್ಡು, ಅದೊಂದರಿಂದಲೇ ವರ್ಷಕ್ಕೆ 50 ಸಾವಿರ ಬಡ್ಡಿ ಉಳಿಯುತ್ತಿದೆ. ಇದೇ ಕಂತು ಕಟ್ಟುತ್ತಾ ವರ್ಷಕ್ಕೊಂದು ಲಕ್ಷ ಸೇರಿಸಿದರೆ 2030ರ ದೀಪಾವಳಿ ಹೊತ್ತಿಗೆ ಮುಗಿಯುತ್ತದೆ. ಸಾಲ ಪೂರ್ತಿ ತೀರಿದ ಮೇಲೆ 30 ದಿನದೊಳಗೆ ಮೂಲ ಕಾಗದ ವಾಪಸ್ ಕೊಡಬೇಕು, ಬ್ಯಾಂಕಿನಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅಂತ 2023ರ ಡಿಸೆಂಬರ್‌ನಿಂದ ನಿಯಮ ಇದೆ. ಅದನ್ನು ಮಾವನಿಗೆ ಓದಿ ಹೇಳಿದ್ದೇನೆ. ಹಕ್ಕುಪತ್ರದ ಝೆರಾಕ್ಸ್ ಅವರ ಟ್ರಂಕಿನಲ್ಲಿದೆ, ಪ್ರತಿ ವರ್ಷ ಲಕ್ಷ್ಮೀಪೂಜೆಗೆ ಅದನ್ನೇ ತೆಗೆದು ಅರಿಶಿನ ಕುಂಕುಮ ಹಚ್ಚುತ್ತಾರೆ. ಅವರಿಗೀಗ 79.