ಚಿಕ್ಕಮಗಳೂರಲ್ಲಿ ಕೋವಿ ರಿಪೇರಿ: ಕೆಲಸ ಚೆನ್ನಾಗಿದೆ, ಕಾಯಿಸೋದು ಜಾಸ್ತಿ

ಅಜ್ಜನ ಜೋಡಿ ನಳಿಗೆ ಕೋವಿ, ಲೈಸೆನ್ಸ್ ಈಗ ನನ್ನ ಹೆಸರಲ್ಲಿದೆ. ತೋಟದಲ್ಲಿ ಮಂಗ ಬೆದರಿಸಲು ಗಾಳಿಗೆ ಒಂದೆರಡು ಈಡು ಹೊಡೆಯುವುದು ಬಿಟ್ಟರೆ ಅದಕ್ಕೆ ಕೆಲಸವಿಲ್ಲ. ಮೊನ್ನೆ ನಳಿಗೆಯೊಳಗೆ ಇಣುಕಿದರೆ ಸಿಡುಬಿನ ಕಲೆಯಂತೆ ಗುಳಿಗಳು! ಬಿಸಿಗೆ ಉಕ್ಕು ಕರಗಿದೆ ಅಂದುಕೊಂಡೇ ಪೇಟೆಗೆ ಒಯ್ದೆ.

ಅಂಗಡಿಯ ಹಿರಿಯರು ನಕ್ಕರು. ಮದ್ದು ಉರಿದ ಗ್ಯಾಸಿನ ಬಿಸಿ 2000 ಡಿಗ್ರಿ ದಾಟುತ್ತದೆ, ನಿಜ. ಆದರೆ ಅದು ಇರುವುದು ಕೆಲವೇ ಮಿಲಿಸೆಕೆಂಡು. ಒಲೆಯ ಉರಿಯಲ್ಲಿ ಬೆರಳು ಸರ್ರನೆ ಆಡಿಸಿದ ಹಾಗೆ. ಬಿಡದೆ ಗುಂಡು ಹಾರಿಸುವ ಸೈನ್ಯದ ಗನ್ನಿನ ಕಥೆ ಬೇರೆ. ಅಲ್ಲಿ ನಳಿಗೆಯ ಒಳಮೈಗೆ ಆರಲು ಪುರಸೊತ್ತಿಲ್ಲ, ಗ್ಯಾಸಿನಲ್ಲಿರುವ ಕಾರ್ಬನ್ ಉಕ್ಕಿನೊಳಗೆ ಇಳಿಯುತ್ತದೆ, ಇಳಿದ ಕಡೆ ಉಕ್ಕು ಬೇಗ ಕರಗುತ್ತದೆ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಬೇಕು, 4.3% ಕಾರ್ಬನ್ ಸೇರಿದರೆ 1147 ಸಾಕು. ಹಾಸನದಲ್ಲಿ ಮೆಕ್ಯಾನಿಕಲ್ ಓದುವಾಗ ಬಾಯಿಪಾಠ ಮಾಡಿದ್ದ ಅಂಕಿ ಇದು, ಅರ್ಥವಾಗಿದ್ದು ಈಗ! ಅದಕ್ಕೇ ಒಳಗೆ ಕ್ರೋಮಿಯಂ ಲೇಪ ಕೊಡುತ್ತಾರೆ, ಅದು ಕರಗುವುದು 1907ಕ್ಕೆ. ಆದರೆ ಬಿಸಿಗೆ ಉಕ್ಕು ಹಿಗ್ಗಿದಷ್ಟು ಕ್ರೋಮಿಯಂ ಹಿಗ್ಗುವುದಿಲ್ಲ. ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಗ್ಯಾಸ್ ನುಗ್ಗಿ ಅಡಿಯ ಉಕ್ಕನ್ನು ತಿನ್ನುತ್ತದೆ, ಕೊನೆಗೆ ಹಳೇ ಗೋಡೆಯ ಸುಣ್ಣದಂತೆ ಲೇಪ ಹಕ್ಕಳೆ ಏಳುತ್ತದೆ.

ನನ್ನ ಕೋವಿಗೆ ಇಷ್ಟೆಲ್ಲ ದೊಡ್ಡ ಕಾಯಿಲೆ ಇರಲಿಲ್ಲ ಬಿಡಿ. ಒಳಗಿದ್ದ ಬೂದು ಗೆರೆ ಬರೀ ಗುಂಡಿನಿಂದ ಅಂಟಿದ ಸೀಸ, 327 ಡಿಗ್ರಿಗೇ ಕರಗುವ ಲೋಹ, ಬ್ರಷ್‌ಗೆ ಬಂತು. ಗುಳಿಗಳು ತುಕ್ಕು. ಹಳೇ ತೋಟಾಗಳ ಕೇಪಿನಲ್ಲಿ, ಅಂದರೆ ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲಲ್ಲಿ, ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು, ಉರಿದ ಮೇಲೆ ಉಪ್ಪು ಉಳಿಯುತ್ತದೆ, ಉಪ್ಪು ನೀರು ಎಳೆಯುತ್ತದೆ. ನಮ್ಮ ಮೂಡಿಗೆರೆ ಮಳೆಯಲ್ಲಿ ಕೇಳಬೇಕಾ? ಈಡು ಹೊಡೆದ ದಿನವೇ ಬಿಸಿನೀರಲ್ಲಿ ತೊಳೆದು ಒರೆಸಿ ಎಣ್ಣೆ ಹಚ್ಚಬೇಕಿತ್ತು. ನಮ್ಮನೆಯಲ್ಲಿ ಸುಮ್ನೆ ಎಣ್ಣೆ ಬಟ್ಟೆ ಎಳೆದು ಗೋಡೆಗೆ ನೇತುಹಾಕುತ್ತಿದ್ದರು.

ಹತ್ತು ದಿನ ಅಂದಿದ್ದು ಐದು ವಾರವಾಯಿತು. ಫೋನ್ ಎತ್ತಲ್ಲ. ಎರಡು ಸಲ ಸುಮ್ನೆ ಬಸ್ ಚಾರ್ಜ್ ಕಳೆದುಕೊಂಡೆ, ಅದಕ್ಕೆ ಒಂದು ಸ್ಟಾರ್ ಕಮ್ಮಿ. ಲೈಸೆನ್ಸ್ ಪುಸ್ತಕ ತೋರಿಸದೆ ಕೋವಿ ಮುಟ್ಟುವುದೂ ಇಲ್ಲ, ಅದು ಸರಿಯೇ. ಗುಳಿ ಹೋಗುವಷ್ಟು ಉಜ್ಜಿಕೊಡಿ ಅಂದೆ, ಒಪ್ಪಲಿಲ್ಲ. ಗೋಡೆ ತೆಳುವಾಗಿ ನಳಿಗೆ ಒಡೆದರೆ ಕೈ ಹೋಗುತ್ತದೆ ಅಂದರು. ದಪ್ಪ ಅಳೆದು ನೋಡಿ, ‘ಎಡಗಡೆಗೆ ತೋಟಾ ಹಾಕಬೇಡಿ’ ಅಂತ ಚೀಟಿ ಬರೆದು ನಳಿಗೆಗೆ ದಾರದಲ್ಲಿ ಕಟ್ಟಿ ಕೊಟ್ಟರು. ಚೀಟಿ ಇನ್ನೂ ಹಾಗೇ ಇದೆ.