ಮಂಡ್ಯದ ಝೆರಾಕ್ಸ್ ಅಂಗಡಿಯ ಹೀಟ್ ಟ್ರಾನ್ಸ್‌ಫರ್ ನೋಟ್ಸ್: ತಗೊಳ್ಳಿ, ಒಂದು ಪುಟ ತಿದ್ದಿಕೊಳ್ಳಿ

ಮಂಡ್ಯದಲ್ಲಿ ಇಂಜಿನಿಯರಿಂಗ್ ಹುಡುಗರು ಎಡತಾಕುವ ಝೆರಾಕ್ಸ್ ಅಂಗಡಿಯೊಂದರಲ್ಲಿ ಸಿಗುವ ಸ್ಪೈರಲ್ ಬೈಂಡಿಂಗಿನ ಕೈಬರಹದ ನೋಟ್ಸ್ ಇದು. ವಿಷಯ, ಪೈಪಿನೊಳಗಿನ ಹರಿವಿನಲ್ಲಿ ಶಾಖ ವರ್ಗಾವಣೆ. ಬೈಂಡಿಂಗ್ ಗಟ್ಟಿಯಾಗಿದೆ. ಆದರೆ ಕಾಪಿಯ ಮೇಲೆ ಕಾಪಿ ತೆಗೆದು ದಶಮಾಂಶದ ಚುಕ್ಕಿಗಳು ಅಲ್ಲಲ್ಲಿ ಮಾಯವಾಗಿವೆ. ದುಡ್ಡು ಕೊಡುವ ಮುಂಚೆ ನೀರಿನ ಕೋಷ್ಟಕ ತೆಗೆದು ನೋಡಿ: 40 ಡಿಗ್ರಿಗೆ ಪ್ರಾಂಟ್ಲ್ ಸಂಖ್ಯೆ (ದ್ರವದ ಸ್ನಿಗ್ಧತೆ, ವಿಶಿಷ್ಟ ಶಾಖ, ಉಷ್ಣವಾಹಕತೆಗಳಿಂದ ಬರುವ, ಯೂನಿಟ್ ಇಲ್ಲದ ಸಂಖ್ಯೆ) 4.32 ಇರಬೇಕು, 432 ಅಲ್ಲ.

ಇದನ್ನು ಕೊಳ್ಳಬೇಕಾದ್ದು ಒಂದೇ ಕಾರಣಕ್ಕೆ. ಬರೆದವರು ಪ್ರತಿ ಸಂಖ್ಯೆಯ ಪಕ್ಕದಲ್ಲೂ ಯೂನಿಟ್ ಹಾಕಿ, ಮೇಲೊಂದು ಕೆಳಗೊಂದು ಹೊಡೆದುಹಾಕುತ್ತಾ ಹೋಗಿದ್ದಾರೆ. 25 ಮಿ.ಮೀ. ಪೈಪು, 40 ಡಿಗ್ರಿ ನೀರು, ಸೆಕೆಂಡಿಗೆ 1 ಮೀಟರ್ ವೇಗ. ಹರಿವು ಎಷ್ಟು ಪ್ರಕ್ಷುಬ್ಧ ಅಂತ ಹೇಳುವ ರೆನಾಲ್ಡ್ಸ್ ಸಂಖ್ಯೆ ಸುಮಾರು 38,000. ರೆನಾಲ್ಡ್ಸ್‌ನ 0.8 ಘಾತ, ಪ್ರಾಂಟ್ಲ್‌ನ 0.4 ಘಾತ ಬಳಸುವ ಡಿಟಸ್-ಬೋಲ್ಟರ್ ಸೂತ್ರದ ಪ್ರಕಾರ ನಸೆಲ್ಟ್ ಸಂಖ್ಯೆ 190. ಅದನ್ನು ಉಷ್ಣವಾಹಕತೆಯಿಂದ ಗುಣಿಸಿ ವ್ಯಾಸದಿಂದ ಭಾಗಿಸಿದರೆ ಶಾಖ ವರ್ಗಾವಣಾ ಗುಣಾಂಕ, ಚದರ ಮೀಟರಿಗೆ ಪ್ರತಿ ಡಿಗ್ರಿಗೆ ಸುಮಾರು 4,800 ವ್ಯಾಟ್. ವ್ಯಾಸವನ್ನು ಮೀಟರಿನ ಬದಲು ಮಿ.ಮೀ.ನಲ್ಲೇ ಹಾಕಿದರೆ? ಉತ್ತರ ಸಾವಿರ ಪಟ್ಟು ಕೆಟ್ಟು ಕಣ್ಣಿಗೆ ಹೊಡೆಯುತ್ತೆ ಅಂದುಕೊಳ್ಳಬೇಡಿ. ರೆನಾಲ್ಡ್ಸ್ 0.8 ಘಾತದಲ್ಲಿ 251 ಪಟ್ಟು ಹಿಗ್ಗುತ್ತೆ, ಕೊನೆಗೆ ವ್ಯಾಸದಿಂದ ಭಾಗಿಸುವಾಗ ಸಾವಿರ ಪಟ್ಟು ಕುಗ್ಗುತ್ತೆ. ಬರುವ ಉತ್ತರ 1,200, ಯಾರೂ ಅನುಮಾನಪಡದ ಸಂಖ್ಯೆ! ಪಕ್ಕದಲ್ಲಿ ಮಿ.ಮೀ. ಅಂತ ಬರೆದಿದ್ದರೆ ಮಾತ್ರ ಅದು ಮೀಟರಿನ ಜೊತೆ ಹೊಡೆದುಹೋಗದೆ ಉಳಿದು ಸಿಕ್ಕಿಬೀಳುತ್ತೆ. ವಿಶಿಷ್ಟ ಶಾಖವನ್ನು ಕಿಲೋಜೂಲಿನಲ್ಲಿ ಹಾಕಿದರೂ ಹೀಗೇ. ಉತ್ತರ 300ಕ್ಕೆ ಇಳಿಯುತ್ತೆ, ಆದರೆ ನಡುವೆ ಪ್ರಾಂಟ್ಲ್ 0.00432 ಆಗಿರುತ್ತೆ. ಅದು ದ್ರವ ಸೋಡಿಯಂಗೆ ಹತ್ತಿರದ ಬೆಲೆ, ನೀರಿಗಲ್ಲ.

ಎಡವಿರುವುದು ನೀರಿನ ಶಾರ್ಟ್‌ಕಟ್ ಸೂತ್ರದ ಪುಟದಲ್ಲಿ. 4200 ಗುಣಿಸು (1.35 + 0.02 × ತಾಪಮಾನ), ಗುಣಿಸು ವೇಗದ 0.8 ಘಾತ, ಭಾಗಿಸು ವ್ಯಾಸದ 0.2 ಘಾತ. ಇಲ್ಲಿ ವ್ಯಾಸ ಮಿ.ಮೀ.ನಲ್ಲೇ ಇರಬೇಕು. ಅದನ್ನೇ ಬರೆದಿಲ್ಲ. 25 ಹಾಕಿದರೆ 4,740, ಮೇಲಿನ ಲೆಕ್ಕಕ್ಕೆ ಒಳ್ಳೆಯ ತಾಳೆ. 0.025 ಹಾಕಿದರೆ 18,900. ಪೆನ್ನಿನಲ್ಲಿ ಪಕ್ಕಕ್ಕೆ ಬರೆದುಕೊಳ್ಳಿ.

ಸಕ್ಕರೆ ಕಾರ್ಖಾನೆಯ ಜ್ಯೂಸ್ ಹೀಟರ್ ಸಮಸ್ಯೆಗೂ ಇದೇ ಸೂತ್ರ ಬಳಸಿದ್ದಾರೆ. ಮಂಡ್ಯದ ಹುಡುಗರಿಗೆ ಕಬ್ಬಿನ ಹಾಲಿನ ಉದಾಹರಣೆ ಕೊಟ್ಟಿದ್ದು ಸಂತೋಷ, ಸೂತ್ರ ಮಾತ್ರ ತಪ್ಪು. ಆ 4200ರೊಳಗೆ ನೀರಿನ ಗುಣಗಳೇ ಅಡಗಿವೆ. ಕಬ್ಬಿನ ಹಾಲಿಗೆ ಸ್ನಿಗ್ಧತೆ ಹೆಚ್ಚು, ನಿಜವಾದ ಗುಣಾಂಕ ಕಡಿಮೆ ಬರುತ್ತೆ. ಕಬ್ಬಿನ ಹಾಲಿನದೇ ಗುಣಗಳನ್ನು ಹಾಕಿ ಡಿಟಸ್-ಬೋಲ್ಟರ್‌ನಲ್ಲೇ ಮಾಡಿ.

ಕೊನೆಯ ಕೋಷ್ಟಕದ ಉಷ್ಣವಾಹಕತೆ ಕಿಲೋಕ್ಯಾಲರಿ-ಗಂಟೆ ಲೆಕ್ಕದ್ದು. ವ್ಯಾಟಿಗೆ ತರಲು 1.163ರಿಂದ ಗುಣಿಸಿ. ಕಲರ್ ಕವರ್ ಬೇಡ ಅನ್ನಿ, ಮೂಲ ಪ್ರತಿಯಿಂದಲೇ ಕಾಪಿ ತೆಗೆದುಕೊಡಲು ಕೇಳಿ.