ಒಂದು ಕಾಗದಕ್ಕೆ ನಾಲ್ಕು ಬಾಗಿಲು: ನಾಡಕಚೇರಿ, ಮೊಬೈಲ್, ಗ್ರಾಮ ಒನ್, ಪೋಸ್ಟ್‌ಮ್ಯಾನ್

ನಮ್ಮ ಮನೆ ಇರುವುದು ಶರಾವತಿ ಹಿನ್ನೀರಿನ ಆಚೆ ದಂಡೆಯಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ತಾಲ್ಲೂಕು ಕೇಂದ್ರ ಸಾಗರ ಪೇಟೆಗೆ ಹೋಗಲು ಲಾಂಚೇ ಗತಿ ಎಂದು ಬದುಕಿದವರು ನಾವು. ಸಂಜೆಯ ಕೊನೆ ಲಾಂಚ್ ತಪ್ಪಿದರೆ ಆ ರಾತ್ರಿ ನೆಂಟರ ಮನೆ. ಹಾಗಾಗಿ ಕಚೇರಿ ಎಷ್ಟು ದೂರ ಎಂದು ನಾನು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ. ಒಂದು ಕೆಲಸಕ್ಕೆ ಎಷ್ಟು ಸಲ ಹೋಗಿ ಬರಬೇಕು? ಲೆಕ್ಕ ಅಷ್ಟೇ.

ಎರಡು ವರ್ಷದಲ್ಲಿ ಮೂರು ಕೆಲಸ ಬಿದ್ದವು. ಮಗಳು ಪಿಯುಸಿ ಸೇರುವಾಗ ಜಾತಿ, ಆದಾಯ ಪ್ರಮಾಣಪತ್ರ. ಸೊಸೈಟಿ ಸಾಲಕ್ಕೆ ಪಹಣಿ. ತಿಂಗಳು ತಿಂಗಳು ಅಜ್ಜಿಯ ಸಂಧ್ಯಾ ಸುರಕ್ಷಾ (ವಯಸ್ಸಾದವರ ಪಿಂಚಣಿ) ದುಡ್ಡು. ಮೂರಕ್ಕೂ ಬೇರೆ ಬೇರೆ ದಾರಿ ಹಿಡಿದು ನೋಡಿದೆ. ಸ್ವಲ್ಪ ಹಟಕ್ಕೆ, ಸ್ವಲ್ಪ ಗತಿಯಿಲ್ಲದೆ.

ಮೊದಲು ಮೊಬೈಲ್. ಮನೆಯಲ್ಲೇ ಕುಳಿತು ಅರ್ಜಿ ಹಾಕಬಹುದು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಸಿಗ್ನಲ್ ಇಲ್ಲ, ಗುಡ್ಡದ ಮೇಲಿನ ಗೇರು ಮರದ ಬುಡದಲ್ಲಿ ಇದೆ. ಅಲ್ಲಿ ಕುಳಿತು ನಾಡಕಚೇರಿಯ ಜಾಲತಾಣ ತೆರೆದೆ. ಒಟಿಪಿ ಬರುವಷ್ಟರಲ್ಲಿ ಅದರ ಆಯುಷ್ಯ ಮುಗಿದಿರುತ್ತಿತ್ತು. ನಾಲ್ಕನೇ ಸಲಕ್ಕೆ ಕೈಹಿಡಿಯಿತು. ಹಣವೂ ಫೋನಿನಲ್ಲೇ ಕಟ್ಟಿದೆ. ಕೆಲವು ದಿನಕ್ಕೆ ಪ್ರಮಾಣಪತ್ರವೂ ಬಂತು. ಗೆದ್ದೆ ಎಂದುಕೊಂಡೆ. ಕಾಲೇಜಿನವರು ನೋಡಿ, "ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಇದೆ, ಇದರಲ್ಲಿ ಇಲ್ಲವಲ್ಲ" ಎಂದರು. ತಪ್ಪು ನನ್ನದೇ. ಆಧಾರ್‌ನಲ್ಲಿ ಇದ್ದ ಹಾಗೆ ಬರೆದಿದ್ದೆ. ಮೊಬೈಲಿನ ತೊಂದರೆ ಇದೇ ನೋಡಿ: ನೀವು ಏನು ಬರೆದರೂ ಅದು ಸುಮ್ನೆ ತೆಗೆದುಕೊಳ್ಳುತ್ತದೆ. ತಡೆದು ಕೇಳುವವರು ಯಾರೂ ಇಲ್ಲ.

ಎರಡನೇ ಸಲಕ್ಕೆ ನಾಡಕಚೇರಿಗೆ ಹೋದೆ. 2012ರಲ್ಲಿ ಹೋಬಳಿ ಮಟ್ಟದ ಈ ಕಚೇರಿಗಳಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರ ಶುರುವಾಗಿದ್ದು ನಮ್ಮಂಥವರಿಗೆ ಸಣ್ಣ ಉಪಕಾರವಲ್ಲ. ನನ್ನ ಕಾಲೇಜಿನ ದಿನಗಳಲ್ಲಿ ಇದೇ ಕಾಗದಕ್ಕೆ ಅಪ್ಪ ತಾಲ್ಲೂಕು ಕಚೇರಿಗೆಂದು ನಾಲ್ಕು ಸಲ ಲಾಂಚ್ ಹತ್ತಿದ್ದರು. ಈಗ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಆದರೆ ಬೆಳಿಗ್ಗೆ ಒಂದು ಬಸ್ಸು, ಮಧ್ಯಾಹ್ನ ಒಂದು. ಹೋದ ದಿನ ಕರೆಂಟ್ ಇಲ್ಲ, ಸರ್ವರ್ ಇಲ್ಲ ಎಂದಾದರೆ ಎದುರಿನ ಕ್ಯಾಂಟೀನಿನಲ್ಲಿ ಚಹಾ ಕುಡಿದು ಬಂದ ಹಾಗೆ ಆಯಿತು. ಅಡಿಕೆ ಕೊನೆ ಕೊಯ್ಯುವ ದಿನಗಳಲ್ಲಾದರೆ ಒಂದು ದಿನದ ಕೆಲಸ ಹೋಯಿತು ಎಂದೇ ಲೆಕ್ಕ. ಅಂದಹಾಗೆ, ಶಕ್ತಿ ಯೋಜನೆ ಇದೆಯಲ್ಲ, ಹೆಂಗಸರು ಹೋದರೆ ಬಸ್ ಖರ್ಚಿಲ್ಲ ಎಂದು ಪೇಟೆಯವರು ಹೇಳುತ್ತಾರೆ. ನಮ್ಮ ಕಡೆ ಓಡುವುದು ಜಾಸ್ತಿ ಖಾಸಗಿ ಬಸ್ಸು. ಅದರಲ್ಲಿ ಎಲ್ಲರಿಗೂ ಟಿಕೆಟ್.

ಆದರೂ ನಾಡಕಚೇರಿಗೆ ಒಂದು ದೊಡ್ಡ ಗುಣ ಇದೆ. ನಿಮ್ಮ ಮನೆಯ ವಿವರ ಮೊದಲೇ ಪರಿಶೀಲನೆಯಾಗಿ ದತ್ತಾಂಶದಲ್ಲಿ ಸೇರಿದ್ದರೆ ಪ್ರಮಾಣಪತ್ರ ಕೌಂಟರಿನಲ್ಲೇ ಸಿಗುತ್ತದೆ. ನನ್ನದು ಒಮ್ಮೆ ಹಾಗೆ ಹದಿನೈದು ನಿಮಿಷದಲ್ಲಿ ಸಿಕ್ಕಿತ್ತು. ಮಗಳ ಹೆಸರು ಅದರಲ್ಲಿ ಇರಲಿಲ್ಲ. ಇಲ್ಲದಿದ್ದರೆ ಅರ್ಜಿ ಗ್ರಾಮ ಆಡಳಿತ ಅಧಿಕಾರಿಗೆ ಹೋಗಬೇಕು (ನಮ್ಮ ಅಜ್ಜಿಗೆ ಅವರು ಇನ್ನೂ ಶಾನುಭೋಗರು), ಅಲ್ಲಿಂದ ಕಂದಾಯ ನಿರೀಕ್ಷಕರಿಗೆ, ಆಮೇಲೆ ಉಪ ತಹಶೀಲ್ದಾರರಿಗೆ. ಮೂರು ಬಾಗಿಲು ತಟ್ಟಿದ ಮೇಲೆ ನನಗೆ ಗೊತ್ತಾಗಿದ್ದು ಇಷ್ಟು: ಮೊಬೈಲಿನಲ್ಲಿ ಹಾಕಿ, ನಾಡಕಚೇರಿಯಲ್ಲಿ ಕೊಡಿ, ಹಳ್ಳಿಯಲ್ಲೇ ಸರ್ಕಾರಿ ಅರ್ಜಿ ಹಾಕಿಕೊಡುವ ಕೇಂದ್ರವಾದ ಗ್ರಾಮ ಒನ್‌ನಲ್ಲಿ ಹಾಕಿಸಿ, ಅರ್ಜಿ ಕೊನೆಗೆ ಹೋಗಿ ಕೂರುವುದು ಅದೇ ಅಧಿಕಾರಿಗಳ ಮುಂದೆ. ಯಾವುದೂ ಇನ್ನೊಂದಕ್ಕಿಂತ ಬೇಗ ಅಲ್ಲ. ವ್ಯತ್ಯಾಸ ಇರುವುದು ಅರ್ಜಿ ಹೊರಡುವ ಮೊದಲು ಅದನ್ನು ಯಾರು ಓದಿ ನೋಡುತ್ತಾರೆ ಎನ್ನುವುದರಲ್ಲಿ.

ಅದಕ್ಕೇ ನನ್ನ ಓಟು ಗ್ರಾಮ ಒನ್‌ಗೆ. 2022ರ ಗಣರಾಜ್ಯೋತ್ಸವದ ದಿನ 12 ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ಉಳಿದ ಕಡೆಗೂ ಬಂತು. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ತೆರೆದಿರಬೇಕು ಎಂಬುದು ಅದರ ನಿಯಮ. ತೋಟದ ಕೆಲಸ ಮುಗಿಸಿ, ಕೈಕಾಲು ತೊಳೆದು ಸಂಜೆ ಹೋಗಬಹುದು. ನಾನು ಹೋದಲ್ಲಿ ಕೂತಿದ್ದ ಹುಡುಗಿ ಮೊದಲು ಕೇಳಿದ್ದು ದುಡ್ಡಲ್ಲ. "ಅಂಕಪಟ್ಟಿ ತಂದಿದ್ದೀರಾ ಅಣ್ಣ? ಹೆಸರು ಎರಡರಲ್ಲೂ ಒಂದೇ ಥರ ಇದೆಯಾ?" ಎಂದಳು. ಈ ಒಂದು ಪ್ರಶ್ನೆ ಎರಡು ತಿಂಗಳು ಮುಂಚೆ ಯಾರಾದರೂ ಕೇಳಿದ್ದರೆ! ಇನಿಷಿಯಲ್ ಸೇರಿಸಿ ಹಾಕಿದಳು. ಸಕಾಲದ (ಸರ್ಕಾರಿ ಕೆಲಸಕ್ಕೆ ಗಡುವು ಹಾಕುವ ಕಾಯ್ದೆ) ನಂಬರ್ ಇರುವ ಚೀಟಿ ಕೊಟ್ಟಳು. ಆ ನಂಬರ್ ಕಳೆದುಕೊಳ್ಳಬೇಡಿ. ಅರ್ಜಿ ಎಲ್ಲಿದೆ ಎಂದು ಅದರಿಂದಲೇ ತಿಳಿಯುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು ಎಂದು ಕಾಯ್ದೆಯಲ್ಲಿ ಇದೆ. ನಾನಂತೂ ಕೇಳಿಲ್ಲ. ಮುಂದಿನ ಕೆಲಸಕ್ಕೂ ಅವರ ಮುಂದೆಯೇ ಹೋಗಿ ನಿಲ್ಲಬೇಕಲ್ಲ.

ಗ್ರಾಮ ಒನ್ ನಡೆಸುವವರು ಸರ್ಕಾರಿ ನೌಕರರಲ್ಲ, ಖಾಸಗಿಯವರು. ಸಂಪಾದನೆ ಸಾಲದಿದ್ದರೆ ಬಾಗಿಲು ಹಾಕಬಹುದು. ಮಳೆಗಾಲದಲ್ಲಿ ವಾರವಿಡೀ ನೆಟ್‌ವರ್ಕ್ ಹೋದರೆ ಅವರ ಕೈಯಲ್ಲೂ ಏನೂ ಇಲ್ಲ. ಇಷ್ಟು ಮೈನಸ್. ದರಪಟ್ಟಿ ಗೋಡೆಯ ಮೇಲೆ ಇದೆಯಾ ನೋಡಿಕೊಂಡೇ ದುಡ್ಡು ಕೊಡಿ. ಒಮ್ಮೆ ಪೇಟೆಯ ಒಂದು ಸೈಬರ್ ಅಂಗಡಿಯಲ್ಲಿ ಅವಸರಕ್ಕೆ ಬಿದ್ದು ದುಪ್ಪಟ್ಟು ಕೊಟ್ಟು ಬಂದವನು ನಾನು. ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರವೂ ಇದೆ. 2016ರಿಂದ ಇದೆ. ಮನೆ ಕಂದಾಯ, ಆಸ್ತಿಯ ನಮೂನೆಗಳಿಗೆ ಅದೇ ಸರಿ. ಉಳಿದದ್ದಕ್ಕೆ ನಾನು ಅಲ್ಲಿಗೆ ಹೋಗಿಲ್ಲ.

ಪಹಣಿ ವಿಷಯ ಬೇಗ ಮುಗಿಯುತ್ತದೆ. ಭೂಮಿ ಯೋಜನೆ ಬಂದ ಮೇಲೆ ಕೈಬರಹದ ಪಹಣಿ ಹೋಯಿತು. ಸರ್ವೆ ನಂಬರ್ ಗೊತ್ತಿದ್ದರೆ ಮೊಬೈಲಿನಲ್ಲೇ ತೆಗೆದು ನೋಡಬಹುದು, ಅದಕ್ಕೆ ದುಡ್ಡಿಲ್ಲ. ಇಲ್ಲಿ ಮೊಬೈಲೇ ಗೆದ್ದಿತು. ಬರೆಯುವುದು ಏನೂ ಇಲ್ಲ, ಬರೀ ನೋಡುವುದು ತಾನೇ? ಸೊಸೈಟಿಗೆ ಕೊಡುವ ಪ್ರತಿ ಮಾತ್ರ ಗ್ರಾಮ ಒನ್‌ನಲ್ಲಿ ತೆಗೆಸಿದೆ.

ಅಜ್ಜಿಯ ದುಡ್ಡಿನದು ಬೇರೆಯೇ ಕಥೆ. ತಿಂಗಳಿಗೆ 1200 ರೂಪಾಯಿ. ಬ್ಯಾಂಕ್ ಖಾತೆಗೆ ಬಂದು ಬೀಳುತ್ತದೆ. ಆದರೆ ಖಾತೆಯಿಂದ ಅಜ್ಜಿಯ ಸೆರಗಿನ ಗಂಟಿಗೆ ಬರಬೇಕಲ್ಲ? ಬ್ಯಾಂಕಿಗೆ ಹೋದರೆ ಅಜ್ಜಿ ಜೊತೆಗೆ ಇನ್ನೊಬ್ಬರು ಬೇಕು. ಇಬ್ಬರ ಬಸ್ಸು, ಊಟ, ಬರುವಾಗ ಅಜ್ಜಿಗೆ ಒಂದು ಕಟ್ಟು ಎಲೆ. 1200ರಲ್ಲಿ ಅಷ್ಟು ಕಡಿಮೆ. ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ 2018ರಲ್ಲಿ ಶುರುವಾದ ಮೇಲೆ ಪೋಸ್ಟ್‌ಮ್ಯಾನ್ ಸಣ್ಣದೊಂದು ಯಂತ್ರ ತರುತ್ತಾರೆ. ಆಧಾರ್ ನಂಬರ್ ಹೇಳಿ ಹೆಬ್ಬೆಟ್ಟು ಒತ್ತಿದರೆ ಬೇರೆ ಬ್ಯಾಂಕಿನ ಖಾತೆಯ ದುಡ್ಡೂ ಜಗುಲಿಯಲ್ಲೇ ಕೈಗೆ ಬರುತ್ತದೆ. ಒಂದೇ ತೊಡಕು ಹೆಬ್ಬೆಟ್ಟಿನದು. ಅರವತ್ತು ವರ್ಷ ಅಡಿಕೆ ಸುಲಿದ ಕೈ ಅದು. ಚೊಗರು ಹತ್ತಿ, ಗೆರೆ ಸವೆದು ನುಣ್ಣಗಾಗಿದೆ. ಯಂತ್ರಕ್ಕೆ ಅಜ್ಜಿಯ ಗುರುತೇ ಹತ್ತುವುದಿಲ್ಲ. ಬಿಸಿನೀರಿನಲ್ಲಿ ಕೈ ತೊಳೆದು, ಕೊಬ್ಬರಿ ಎಣ್ಣೆ ಸವರಿ ಒರೆಸಿ, ಕೊನೆಗೆ ಎಡಗೈ ಉಂಗುರ ಬೆರಳಿನಲ್ಲಿ ಆಗುತ್ತದೆ ಎಂದು ಪೋಸ್ಟ್‌ಮ್ಯಾನೇ ಕಂಡುಹಿಡಿದರು. ಈಗ ಅವರು ಬಂದ ಕೂಡಲೇ ಅಜ್ಜಿ ಆ ಬೆರಳು ಚಾಚುತ್ತಾರೆ. ಎಡತಾಕುವ ಲೆಕ್ಕದಲ್ಲಿ ಇದಕ್ಕೆ ಸೊನ್ನೆ. ಬೇರೆ ಯಾವುದಕ್ಕೂ ಸಿಗದ ಅಂಕ.

ಮನೆ ಬಾಗಿಲಿಗೇ ಕಾಗದ ತಂದುಕೊಡುವ 'ಜನಸೇವಕ' ಎಂಬ ಯೋಜನೆಯೂ ಇತ್ತು. 2019ರಲ್ಲಿ ಅದನ್ನು ಶುರು ಮಾಡಿದ್ದು ಎಲ್ಲಿ ಹೇಳಿ? ಬೆಂಗಳೂರಿನ ದಾಸರಹಳ್ಳಿಯಲ್ಲಿ.

2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಯಿತು. ಸಾಗರಕ್ಕೆ ಹೋಗಲು ಈಗ ಲಾಂಚ್ ಕಾಯಬೇಕಿಲ್ಲ. ತಾಲ್ಲೂಕು ಕಚೇರಿಯೂ ಒಂದು ಆಯ್ಕೆ ಎಂದು ಮೊದಲ ಸಲ ಅನ್ನಿಸಿದೆ. ಅಪ್ಪನ ಹೆಸರಿನಲ್ಲಿರುವ ಜಮೀನಿನ ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಇನ್ನೂ ಬಾಕಿ ಇದೆ. ಗ್ರಾಮ ಒನ್ ಹುಡುಗಿ ಬೇಕಾದ ಕಾಗದಗಳ ಪಟ್ಟಿ ಬರೆದು ಕೊಟ್ಟಿದ್ದಾಳೆ. ಈಗ ಕಾಯುತ್ತಿರುವುದು ತಮ್ಮನಿಗೆ. ಅವನು ಬೆಂಗಳೂರಿನಿಂದ ರಜೆ ಹಾಕಿ ಬಂದು ಸಹಿ ಮಾಡಬೇಕು.